ವಾರಕ್ಕೊಮ್ಮೆಯ ಮಾತ್ರೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್

ಕಾಪು ಪರಿಸರದ ಶಂಕರಪುರ, ಶಿರ್ವಗಳ ಮನೆಯಂಗಳಗಳಲ್ಲಿ ಮಲ್ಲಿಗೆಯ ಮೊಗ್ಗು ಕೊಯ್ಯುವ ಕೆಲಸ ಆರಂಭವಾಗುವುದು ನಸುಕಿನಲ್ಲಿ. ಕೊಯ್ದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಹೊತ್ತೇರುವ ಮುನ್ನ ಮಾರಾಟಕ್ಕೆ ತಲುಪಿಸಬೇಕು. ಕಾರ್ಕಳ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಹೆಂಗಸರು ತಲೆಮಾರುಗಳಿಂದ ಬೀಡಿ ಕಟ್ಟಿ ಸಂಸಾರ ನಡೆಸಿದ್ದಾರೆ. ಅಲ್ಲಿ ಮಜೂರಿ ಸಿಗುವುದು ಕಟ್ಟಿದ ಬೀಡಿಯ ಲೆಕ್ಕಕ್ಕೆ. ಎರಡೂ ಬೆರಳ ತುದಿಯ ದುಡಿಮೆ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳುಗಳು ಬಾತು, ಗಂಟೆಗಟ್ಟಲೆ ಮಡಚಲಾಗದೆ ಬಿಗಿದುಕೊಂಡರೆ ಆ ದಿನದ ಗಳಿಕೆ ಅಲ್ಲಿಗೇ ನಿಂತಂತೆ. ಇಂಥವರನ್ನು ಮಣಿಪಾಲದ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಾಣಬಹುದು. ಅವರಲ್ಲಿ ಕೆಲವರ ಕೈಯಲ್ಲಿರುವ ಔಷಧ ಚೀಟಿಯಲ್ಲಿ ಎರಡು ಹೆಸರುಗಳು ಜೊತೆಜೊತೆಯಾಗಿ ಇರುತ್ತವೆ. ಒಂದು, ವಾರಕ್ಕೊಮ್ಮೆ ಮಾತ್ರ ಸೇವಿಸಬೇಕಾದ ಮೆಥೊಟ್ರೆಕ್ಸೇಟ್. ಇನ್ನೊಂದು, ಅದನ್ನು ಸೇವಿಸದ ದಿನ ನುಂಗಬೇಕಾದ ಫೋಲಿಕ್ ಆಮ್ಲ.

ಈ ಎರಡೂ ಔಷಧಗಳು ಒಂದೇ ಪ್ರಯೋಗಾಲಯದಲ್ಲಿ, ಒಬ್ಬನೇ ವ್ಯಕ್ತಿಯ ನೇತೃತ್ವದಲ್ಲಿ ರೂಪುಗೊಂಡವು ಎಂಬುದು ಅವುಗಳನ್ನು ನುಂಗುವವರಲ್ಲಿ ಬಹುತೇಕರಿಗೆ ತಿಳಿದಿರಲಾರದು. ಆ ವ್ಯಕ್ತಿ ಡಾ. ಯಲ್ಲಾಪ್ರಗಡ ಸುಬ್ಬರಾವ್. ವೈದ್ಯವಿಜ್ಞಾನದ ಚರಿತ್ರೆ ಓದಿದವರಿಗೆ ಅವರು ಪರಿಚಿತರು. 1995ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷ, ಭಾರತ ಸರ್ಕಾರ ಅವರ ಹೆಸರಿನಲ್ಲಿ ಅಂಚೆಚೀಟಿಯನ್ನೂ ಹೊರತಂದಿತು. ಆದರೆ ಅವರ ಬದುಕಿನಿಂದ ಕರಾವಳಿಯ ಆರೋಗ್ಯ ವ್ಯವಸ್ಥೆ ಕಲಿಯಬೇಕಾದ ಪಾಠವೊಂದಿದೆ. ಅದನ್ನು ಹೇಳಲು ಆ ಬದುಕನ್ನು ಮೊದಲಿನಿಂದ ನೋಡಬೇಕು.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ಅಂದು ಆ ಊರೂ ನಮ್ಮ ಉಡುಪಿಯೂ ಒಂದೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರ, ತಾಯಿ ವೆಂಕಮ್ಮ. ಮಕ್ಕಳು ಹಲವರು, ಆದಾಯ ಅಲ್ಪ. ಹುಡುಗ ಓದಿನಲ್ಲಿ ಮುಂದಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸುವೆನೆಂದು ಕಾಶಿಯ ದಾರಿ ಹಿಡಿದು ಮನೆಬಿಟ್ಟವನನ್ನು ಹುಡುಕಿ ಕರೆತರಬೇಕಾಯಿತು. ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ, ಮೂರನೆಯ ಪ್ರಯತ್ನದಲ್ಲಿ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದ. ಮುಂದೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ರಾಮಕೃಷ್ಣ ಮಠದ ಸೆಳೆತಕ್ಕೆ ಒಳಗಾಗಿ ಸನ್ಯಾಸಿಯಾಗಲು ಹೊರಟ. ತಾಯಿ ಒಪ್ಪಲಿಲ್ಲ. ವೈದ್ಯನಾಗಿಯೂ ಸೇವೆ ಮಾಡಬಹುದೆಂಬ ಮಠದ ಹಿರಿಯರ ಸಲಹೆ ಆತನನ್ನು ಮದ್ರಾಸ್ ವೈದ್ಯಕೀಯ ಕಾಲೇಜಿಗೆ ಕಳುಹಿಸಿತು.

ಅಲ್ಲಿಯೂ ದಾರಿ ಸಲೀಸಾಗಿರಲಿಲ್ಲ. 1919ರಲ್ಲಿ ಶೇಷಗಿರಿಯವರೊಡನೆ ವಿವಾಹವಾಯಿತು. ಓದಿನ ವೆಚ್ಚಕ್ಕೆ ಮಾವನವರ ನೆರವು ದೊರೆಯಿತು. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೂ ಖಾದಿ ಧರಿಸಿ ಹೋದದ್ದು ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಯಿತು. ಅದರ ಫಲವಾಗಿ ಎಂಬಿಬಿಎಸ್ ಪದವಿಯ ಬದಲು ಕೆಳಮಟ್ಟದ ಎಲ್‌ಎಂಎಸ್ ಪ್ರಮಾಣಪತ್ರ ದೊರೆಯಿತು. ಪ್ರಾಂತ್ಯದ ವೈದ್ಯಕೀಯ ಸೇವೆ ಸೇರುವ ಬಾಗಿಲು ಹೀಗೆ ಮುಚ್ಚಿದಾಗ ಅವರು ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಬೋಧಿಸಿದರು. ಆ ವರ್ಷಗಳಲ್ಲೇ ಮನೆಗೆ ಸಿಡಿಲೆರಗಿತು. ಸ್ಪ್ರೂ ಎಂಬ ಕರುಳಿನ ರೋಗದಿಂದ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಹಾರದ ಸಾರ ದೇಹಕ್ಕೆ ಹತ್ತದೆ, ರಕ್ತ ಬತ್ತಿ, ರೋಗಿ ಕರಗಿಹೋಗುವ ಈ ಕಾಯಿಲೆಗೆ ಆ ಕಾಲದ ಪಾಶ್ಚಾತ್ಯ ವೈದ್ಯದಲ್ಲಿ ಮದ್ದಿರಲಿಲ್ಲ.

1922ರ ಅಕ್ಟೋಬರಿನಲ್ಲಿ ಸುಬ್ಬರಾವ್ ಅಮೆರಿಕದ ಬಾಸ್ಟನ್ ತಲುಪಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯದ ರೋಗಗಳ ಶಾಲೆಯಲ್ಲಿ ಪ್ರವೇಶ ದೊರೆತಿತ್ತು, ಜೇಬಿನಲ್ಲಿ ಹಣವಿರಲಿಲ್ಲ. ವೈದ್ಯ ಪ್ರಮಾಣಪತ್ರ ಕೈಯಲ್ಲಿದ್ದರೂ ಅವರು ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಲಸಗಾರನಾಗಿ ಸೇರಿ, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಈ ಆಸ್ಪತ್ರೆಯ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಕಥೆ ಮರಳಿ ಅಲ್ಲಿಗೇ ಬರಲಿದೆ.

ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರೊಡನೆ ಕೆಲಸ ಆರಂಭಿಸಿದ ಮೇಲೆ ಸುಬ್ಬರಾವ್ ಅವರ ಪ್ರತಿಭೆ ಬೆಳಕು ಕಂಡಿತು. ರಕ್ತ ಮತ್ತು ಮೂತ್ರದಲ್ಲಿ ರಂಜಕದ ಪ್ರಮಾಣ ಅಳೆಯಲು ಇಬ್ಬರೂ 1925ರಲ್ಲಿ ಪ್ರಕಟಿಸಿದ ವಿಧಾನ ಮುಂದೆ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬಳಕೆಗೆ ಬಂತು. 1927ರಲ್ಲಿ ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಎಂದು ಇಂದು ಪ್ರೌಢಶಾಲೆಯ ಮಕ್ಕಳೂ ಬಲ್ಲ ಅಡಿನೋಸಿನ್ ಟ್ರೈಫಾಸ್ಫೇಟ್ ಅವರ ಕೈಗೆ ಸಿಕ್ಕಿದವು. ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಎಟಿಪಿಯನ್ನು ಗುರುತಿಸಿದರು. ಜೀವಕೋಶದ ಪ್ರತಿಯೊಂದು ಕ್ರಿಯೆಗೂ ಚಲಾವಣೆಯ ನಾಣ್ಯದಂತಿರುವ ವಸ್ತು ಇದು. 1930ರಲ್ಲಿ ಡಾಕ್ಟರೇಟ್ ಬಂತು. ಆದರೆ ಮುಂದಿನ ಹತ್ತು ವರ್ಷ ಕಳೆದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ನೀಡಲಿಲ್ಲ.

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆ ಸೇರಿ, ಎರಡು ವರ್ಷಗಳಲ್ಲಿ ಅದರ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಸಹೋದರರನ್ನು ಬಲಿ ತೆಗೆದುಕೊಂಡ ರೋಗವನ್ನು ಅವರು ಮರೆತಿರಲಿಲ್ಲ. ರಕ್ತವೃದ್ಧಿಗೆ ಬೇಕಾದ ಅಂಶವೊಂದು ಯಕೃತ್ತಿನಲ್ಲಿಯೂ ಯೀಸ್ಟಿನಲ್ಲಿಯೂ ಇದೆಯೆಂಬುದಕ್ಕೆ ಆಧಾರಗಳಿದ್ದವು. ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದ ಲೂಸಿ ವಿಲ್ಸ್ ಎಂಬ ವೈದ್ಯೆ, 1930ರ ಸುಮಾರಿಗೆ, ಯೀಸ್ಟಿನ ಸಾರದಿಂದ ಅವರು ಚೇತರಿಸಿಕೊಳ್ಳುವುದನ್ನು ತೋರಿಸಿದ್ದರು. ಆ ಅಂಶವಾದ ಫೋಲಿಕ್ ಆಮ್ಲವನ್ನು ಸುಬ್ಬರಾವ್ ಅವರ ತಂಡ 1945ರ ವೇಳೆಗೆ ಕೃತಕವಾಗಿ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದೇ ಮದ್ದಾಯಿತು. ಸಹೋದರರ ಪಾಲಿಗೆ ಅದು ಇಪ್ಪತ್ತು ವರ್ಷಗಳಿಗೂ ಹೆಚ್ಚು ತಡವಾಗಿ ಬಂದಿತ್ತು.

ಫೋಲಿಕ್ ಆಮ್ಲವಿಲ್ಲದೆ ಜೀವಕೋಶಗಳು ಇಮ್ಮಡಿಸಲಾರವು. ಹಾಗಾದರೆ ಅದರಂತೆಯೇ ತೋರುವ, ಆದರೆ ಅದರ ಕೆಲಸ ಮಾಡದ ಒಂದು ವಸ್ತುವನ್ನು ಕೊಟ್ಟರೆ, ಹದ್ದು ಮೀರಿ ಬೆಳೆಯುವ ಕೋಶಗಳನ್ನು ತಡೆಯಬಹುದಲ್ಲವೇ? ಈ ತರ್ಕದಿಂದ ಹುಟ್ಟಿದ್ದು ಅಮಿನೋಪ್ಟೆರಿನ್. ಅದರ ಹಿಂದೆಯೇ ಬಂದದ್ದು ಮೆಥೊಟ್ರೆಕ್ಸೇಟ್. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ನನ್ನು ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಇಳಿಯಿತು. 1948ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಕ್ಯಾನ್ಸರಿನ ಔಷಧ ಚಿಕಿತ್ಸೆಗೆ ಹೊಸ ಅಧ್ಯಾಯ ತೆರೆಯಿತು. ಇದೇ ಅವಧಿಯಲ್ಲಿ ಅವರ ಪ್ರಯೋಗಾಲಯದಿಂದ ಬಂದ ಮತ್ತೊಂದು ಔಷಧ ನಮ್ಮ ಕರಾವಳಿಗೆ ಚಿರಪರಿಚಿತ. ಆನೆಕಾಲು ರೋಗದ ವಿರುದ್ಧ 2004ರಿಂದ ಮನೆಮನೆಗೆ ಹಂಚಲಾದ ಡಿಇಸಿ ಮಾತ್ರೆ ಅದು. ಕಾಪುವಿನ ಕಡಲತಡಿಯಲ್ಲಿ ಆ ಮಾತ್ರೆ ನುಂಗಿದವರೂ ಈ ವ್ಯಕ್ತಿಯ ಋಣದಲ್ಲಿದ್ದಾರೆ.

1948ರ ಆಗಸ್ಟ್ ತಿಂಗಳ ಒಂದು ರಾತ್ರಿ, ನಿದ್ರೆಯಲ್ಲಿಯೇ ಹೃದಯ ನಿಂತು ಸುಬ್ಬರಾವ್ ತೀರಿಕೊಂಡರು. ವಯಸ್ಸು 53. ಅಮೆರಿಕದಲ್ಲಿ ಕಾಲು ಶತಮಾನ ಬಾಳಿಯೂ ಅವರು ಆ ದೇಶದ ಪ್ರಜೆಯಾಗಲಿಲ್ಲ, ಭಾರತಕ್ಕೂ ಒಮ್ಮೆಯೂ ಮರಳಲಿಲ್ಲ. ಅವರು ಹಡಗು ಹತ್ತಿದ ನಂತರ ಹುಟ್ಟಿದ ಮಗು ತಂದೆಯ ಮುಖ ಕಾಣದೆ ಶೈಶವದಲ್ಲೇ ಕಣ್ಮುಚ್ಚಿತು. ಪತ್ನಿ ಶೇಷಗಿರಿಯವರು ಮತ್ತೆಂದೂ ಪತಿಯನ್ನು ನೋಡಲಿಲ್ಲ. ಈ ತ್ಯಾಗದಲ್ಲಿ ಪತ್ನಿಯ ಪಾಲು ಪತಿಯದಕ್ಕಿಂತ ಕಡಿಮೆಯದಲ್ಲ. ಅದನ್ನು ಆಕೆ ತಾನಾಗಿ ಆರಿಸಿಕೊಂಡದ್ದೂ ಅಲ್ಲ. ಮಹನೀಯರ ಜೀವನ ಬರೆಯುವಾಗ ಈ ಮಾತನ್ನು ಮರೆಮಾಚುವುದು ಸರಿಯಲ್ಲ.

ಸುಬ್ಬರಾವ್ ಅವರಿಗೆ ಸಂಧಿವಾತದ ಯೋಚನೆ ಇದ್ದಂತಿಲ್ಲ. ಕ್ಯಾನ್ಸರಿಗೆಂದು ರೂಪುಗೊಂಡ ಔಷಧ ಕೀಲುಬೇನೆಯವರ ಕೈಗೆ ಬಂದ ಬಗೆ ತಿಳಿಯಬೇಕಾದರೆ ರೋಗದ ಸ್ವರೂಪವನ್ನು ಸ್ವಲ್ಪ ಅರಿಯಬೇಕು. ವಯಸ್ಸಾದಂತೆ ಮಂಡಿ ಸವೆದು ಬರುವ ನೋವು ಬೇರೆ. ರುಮಟಾಯ್ಡ್ ಸಂಧಿವಾತ ಬೇರೆ. ಎರಡನೆಯದು ಸವೆತದ ರೋಗವಲ್ಲ, ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕೋಶಗಳೇ ನಮ್ಮ ಮೇಲೆ ತಿರುಗಿಬೀಳುವ ರೋಗ. ಜನಸಂಖ್ಯೆಯಲ್ಲಿ ನೂರಕ್ಕೆ ಅರ್ಧದಿಂದ ಒಬ್ಬರವರೆಗೆ ಇದು ಕಾಣಿಸುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ನಡುವಯಸ್ಸಿನಲ್ಲಿ, ದುಡಿಯುವ ಕಾಲದಲ್ಲೇ, ಇದು ಎರಗುವುದುಂಟು.

ಕೀಲಿನ ಒಳಮೈಗೆ ತೆಳುವಾದ ಪೊರೆಯೊಂದಿದೆ. ಆರೋಗ್ಯವಂತರಲ್ಲಿ ಅದರ ಮೇಲ್ಪದರ ಒಂದೆರಡು ಕೋಶಗಳಷ್ಟೇ ದಪ್ಪ. ರೋಗ ತಗುಲಿದಾಗ ಬಿಳಿ ರಕ್ತಕಣಗಳು ಅಲ್ಲಿಗೆ ಮುತ್ತಿಗೆ ಹಾಕುತ್ತವೆ. ಅವುಗಳಲ್ಲಿ ಟಿ ಕೋಶಗಳು ದೇಹದ ಸ್ವಂತ ಪ್ರೋಟೀನುಗಳನ್ನೇ ಪರಕೀಯವೆಂದು ಭ್ರಮಿಸುತ್ತವೆ. ಆಡಳಿತದ ಭಾಷೆಯಲ್ಲಿ ಹೇಳುವುದಾದರೆ, ತಪ್ಪು ವರದಿಯ ಮೇಲೆ ಹೊರಟ ಆದೇಶದಂತೆ. ಅವುಗಳ ಪ್ರಚೋದನೆಯಿಂದ ಬಿ ಕೋಶಗಳು ನಮ್ಮ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತವೆ. ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಟಿಎನ್ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳನ್ನು ಸುರಿದು ಉರಿಯೂತವನ್ನು ಹೆಚ್ಚಿಸುತ್ತವೆ. ಪೊರೆ ಉಬ್ಬಿ ಕಳೆಯಂತೆ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ. ಮೂಳೆ ಕರಗಿಸುವ ಕೋಶಗಳು ಎಚ್ಚೆತ್ತು ಅಂಚುಗಳನ್ನು ತಿನ್ನತೊಡಗುತ್ತವೆ. ಹೀಗೆ ಸವೆದ ಮೂಳೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಪ್ರತಿಕಾಯಗಳಂತೂ ನೋವು ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಇರಬಲ್ಲವು. ಅನುವಂಶೀಯತೆಯ ಜೊತೆಗೆ ಧೂಮಪಾನವೂ ಈ ರೋಗದ ಸಂಭವವನ್ನು ಹೆಚ್ಚಿಸುತ್ತದೆ ಎಂಬುದು ಖಚಿತವಾಗಿದೆ.

1951ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಗಬ್ನರ್ ಮತ್ತು ಸಂಗಡಿಗರು ಅಮಿನೋಪ್ಟೆರಿನ್ ಕೊಟ್ಟ ಸಂಧಿವಾತದ ರೋಗಿಗಳಲ್ಲಿ ಸುಧಾರಣೆಯನ್ನು ಗಮನಿಸಿದರು. ಆದರೆ ಕೇಳುವವರಿರಲಿಲ್ಲ. ಸುಬ್ಬರಾವ್ ನಿಧನರಾದ ಮರುತಿಂಗಳೇ, ಅಂದರೆ 1948ರ ಸೆಪ್ಟೆಂಬರಿನಲ್ಲಿ, ಮೇಯೊ ಕ್ಲಿನಿಕ್ಕಿನಲ್ಲಿ ಕಾರ್ಟಿಸೋನ್ ಪ್ರಥಮ ಬಾರಿಗೆ ಸಂಧಿವಾತದ ರೋಗಿಯೊಬ್ಬಳಿಗೆ ನೀಡಲ್ಪಟ್ಟು ಪವಾಡದಂಥ ಪರಿಣಾಮ ತೋರಿತ್ತು. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಸಂದಿತು. ಸ್ಟಿರಾಯ್ಡಿನ ದೀರ್ಘಕಾಲದ ದುಷ್ಪರಿಣಾಮಗಳು ಅರಿವಿಗೆ ಬಂದ ಮೇಲೆ, ಎಪ್ಪತ್ತರ ದಶಕದಲ್ಲಿ, ಕೆಲವು ವೈದ್ಯರು ಮೆಥೊಟ್ರೆಕ್ಸೇಟನ್ನು ಅತ್ಯಲ್ಪ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಕೊಟ್ಟು ನೋಡಿದರು. 1985ರಲ್ಲಿ ಮೈಕಲ್ ವೈನ್‌ಬ್ಲಾಟ್ ಮತ್ತು ಸಹೋದ್ಯೋಗಿಗಳು ಕ್ರಮಬದ್ಧ ಪರೀಕ್ಷೆಯಿಂದ ಅದರ ಪ್ರಯೋಜನವನ್ನು ಸ್ಥಾಪಿಸಿದರು. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು.

1985ರ ಆ ಪರೀಕ್ಷೆ ನಡೆದದ್ದು ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ. ಸುಬ್ಬರಾವ್ ರಾತ್ರಿಪಾಳಿಯಲ್ಲಿ ದುಡಿದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆ ಬೇರೆ ಎರಡರೊಡನೆ ವಿಲೀನಗೊಂಡು ಮೂಡಿದ ಸಂಸ್ಥೆ ಅದು. ಮಲಪಾತ್ರೆ ತೊಳೆದವನ ಪ್ರಯೋಗಾಲಯದ ಔಷಧಕ್ಕೆ ಅರುವತ್ತು ವರ್ಷಗಳ ನಂತರ ಅದೇ ಆಸ್ಪತ್ರೆಯ ಪರಂಪರೆಯಲ್ಲಿ ಮನ್ನಣೆ ದೊರೆಯಿತು. 2017ರಲ್ಲಿ, ಸಂಧಿವಾತದ ಕೀಲಿನೊಳಗೇ ನೆಲೆಸಿ ಬಿ ಕೋಶಗಳನ್ನು ಪ್ರಚೋದಿಸುವ ಟಿ ಕೋಶಗಳ ಒಂದು ವಿಶಿಷ್ಟ ಗುಂಪನ್ನು ಗುರುತಿಸಿದವರೂ ಅಲ್ಲಿನ ಸಂಶೋಧಕರೇ.

ಇನ್ನೊಂದು ಸಂಗತಿಯೂ ಸ್ಮರಣೀಯ. ವಾರಕ್ಕೊಮ್ಮೆಯ ಸಣ್ಣ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಕೋಶಗಳನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅವುಗಳನ್ನು ಶಮನಗೊಳಿಸುತ್ತದೆ. ಉರಿಯೂತದ ಜಾಗದಲ್ಲಿ ಅಡಿನೋಸಿನ್ ಎಂಬ ವಸ್ತುವಿನ ಪ್ರಮಾಣ ಹೆಚ್ಚಿಸಿ ಪ್ರಕ್ಷುಬ್ಧ ಬಿಳಿ ರಕ್ತಕಣಗಳನ್ನು ತಣಿಸುವುದು ಅದರ ಮುಖ್ಯ ವಿಧಾನಗಳಲ್ಲೊಂದು ಎಂದು ತಿಳಿಯಲಾಗಿದೆ. ಸುಬ್ಬರಾವ್ 1929ರಲ್ಲಿ ಗುರುತಿಸಿದ ಎಟಿಪಿಯ ತಿರುಳೇ ಈ ಅಡಿನೋಸಿನ್. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೊಫಾಸಿಟಿನಿಬ್ ಮೊದಲಾದ ಹೊಸ ಮಾತ್ರೆಗಳು ಸಹ, ರೋಗನಿರೋಧಕ ಕೋಶಗಳ ಒಳಗೆ ಎಟಿಪಿ ಕೂರುವ ಸ್ಥಾನವನ್ನು ಆಕ್ರಮಿಸಿ ಕೆಲಸ ಮಾಡುತ್ತವೆ.

ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ನನಗೆ ಈ ಚರಿತ್ರೆಯಲ್ಲಿ ಕಾಣುವುದು ಹೀಗೆ. 1998ರ ಬಳಿಕ ಬಂದ, ಟಿಎನ್ಎಫ್ ತಡೆಯುವ ಜೈವಿಕ ಔಷಧಗಳು ಅಮೂಲ್ಯವಾದರೂ ದುಬಾರಿ. ಮೆಥೊಟ್ರೆಕ್ಸೇಟ್ ಹಾಗಲ್ಲ. ಪೇಟೆಂಟಿನ ಹಂಗು ಎಂದೋ ಕಳೆದುಕೊಂಡ ಈ ಔಷಧ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ನಮ್ಮ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಚಿಕಿತ್ಸೆಯ ಆರಂಭಕ್ಕೆ ವೈದ್ಯರು ಇಂದಿಗೂ ಮೊದಲು ಆರಿಸುವುದು ಅದನ್ನೇ. ಬೀಡಿ ಕಟ್ಟುವವಳ ಮಜೂರಿಗೂ ಎಟಕುವ ಮದ್ದು ಇದೆ. ಕೊರತೆ ಇರುವುದು ಮದ್ದು ಸಕಾಲದಲ್ಲಿ ಆಕೆಯನ್ನು ತಲುಪುವುದರಲ್ಲಿ, ತಲುಪಿದ್ದನ್ನು ಸರಿಯಾಗಿ ಬಳಸುವುದರಲ್ಲಿ.

ಕಾರ್ಕಳದ ಕಡೆಯ ನನ್ನ ಅತ್ತಿಗೆಗೆ ರೋಗದ ಹೆಸರು ತಿಳಿಯಲು ಮೂರು ವರ್ಷ ಹಿಡಿಯಿತು. ಅಷ್ಟರವರೆಗೆ ವಾಯು ಎಂದರು, ವಯಸ್ಸು ಎಂದರು, ನೋವಿನ ಮಾತ್ರೆ ಕೊಟ್ಟರು. ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಿಂದ ಎರಡೇ ದಿನಕ್ಕೆ ಆರಾಮವಾಯಿತು. ನಿಲ್ಲಿಸಿದೊಡನೆ ನೋವು ಇಮ್ಮಡಿಯಾಯಿತು. ಸರಿಯಾದ ಚಿಕಿತ್ಸೆ ಆರಂಭವಾಗುವಾಗ ಬೆರಳುಗಳು ಸೊಟ್ಟಗಾಗಿದ್ದವು. ಅಷ್ಟು ಸಾಲದೆಂಬಂತೆ, ವಾರಕ್ಕೊಮ್ಮೆ ಎಂದು ಬರೆದಿದ್ದ ಮಾತ್ರೆಯನ್ನು ಅವರು ದಿನವೂ ನುಂಗತೊಡಗಿದ್ದರು. ನಾಲ್ಕನೆಯ ದಿನ ಮಗಳು ಗಮನಿಸಿದ್ದರಿಂದ ಅನಾಹುತ ತಪ್ಪಿತು. ಈ ಔಷಧವನ್ನು ದಿನನಿತ್ಯ ಸೇವಿಸಿದರೆ ಬಾಯಿ ಹುಣ್ಣಾಗಿ, ಅಸ್ಥಿಮಜ್ಜೆ ಕುಗ್ಗಿ, ಪ್ರಾಣಕ್ಕೇ ಕುತ್ತು ಬರಬಹುದು. ಇಂಥ ಸಾವುಗಳು ಲೋಕದ ನಾನಾ ಕಡೆ ವರದಿಯಾಗಿವೆ.

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಆರು ವಾರ ಮೀರಿ ಬೆರಳ ಕೀಲುಗಳು ಬಾತಿದ್ದರೆ, ಬೆಳಗಿನ ಬಿಗಿತ ಗಂಟೆ ಕಳೆದರೂ ಇಳಿಯದಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ರೋಗಿಯನ್ನು ತಜ್ಞರ ಬಳಿಗೆ ಕಳುಹಿಸುವ ಕ್ರಮ ರೂಢಿಯಾಗಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ಲಕ್ಷಣಗಳ ತಿಳಿವಳಿಕೆ ನೀಡಬೇಕು. ಮೆಥೊಟ್ರೆಕ್ಸೇಟ್ ಸೇವಿಸುವವರ ರಕ್ತಕಣ ಮತ್ತು ಯಕೃತ್ತಿನ ನಿಯತ ತಪಾಸಣೆ ತಾಲ್ಲೂಕು ಮಟ್ಟದಲ್ಲೇ ದೊರೆತರೆ ಮಣಿಪಾಲದ ಪ್ರಯಾಣದಲ್ಲಿ ಒಂದು ದಿನದ ಮಜೂರಿ ಕಳೆದುಕೊಳ್ಳಬೇಕಾಗಿಲ್ಲ. ಮಾತ್ರೆಯ ಲಕೋಟೆಯ ಮೇಲೆ ವಾರದ ಯಾವ ದಿನ ಎಂಬುದನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದುಕೊಡುವ ಅಭ್ಯಾಸವನ್ನು ಪ್ರತಿ ಔಷಧಾಲಯವೂ ಪಾಲಿಸಬೇಕು. ಗರ್ಭಿಣಿಯರೂ ಗರ್ಭ ಧರಿಸಬಯಸುವವರೂ ಇದನ್ನು ಸೇವಿಸಕೂಡದೆಂಬ ಎಚ್ಚರಿಕೆ ಬಾಯಿಮಾತಿನಲ್ಲೂ ತಲುಪಬೇಕು. ಇದಕ್ಕೆಲ್ಲ ಹೊಸ ಸಂಶೋಧನೆ ಬೇಕಿಲ್ಲ. ಆಡಳಿತದ ಶ್ರದ್ಧೆ ಸಾಕು.

ಸುಬ್ಬರಾವ್ ಅವರಿಗಿಂತ ಮೂರು ವರ್ಷ ಕಿರಿಯರಾದ, ಕಲ್ಯಾಣಪುರದಲ್ಲಿ ಹುಟ್ಟಿದ ಡಾ. ಟಿ.ಎಂ.ಎ. ಪೈ ಅವರೂ ಮದ್ರಾಸಿನಲ್ಲೇ ವೈದ್ಯಶಿಕ್ಷಣ ಪಡೆದವರು. ಅವರು ಊರಿಗೆ ಮರಳಿ, 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಕಟ್ಟಿದರು. ಒಬ್ಬರು ಮರಳಲಾಗದೆ ಮದ್ದು ಕಂಡುಹಿಡಿದರು. ಇನ್ನೊಬ್ಬರು ಮರಳಿ ಬಂದು ಅದನ್ನು ಕೊಡುವ ನೆಲೆ ನಿರ್ಮಿಸಿದರು. ಶಿರ್ವದ ಮಲ್ಲಿಗೆ ತೋಟದಿಂದ ಆ ಗುಡ್ಡದವರೆಗಿನ ದಾರಿಯಲ್ಲಿ ರೋಗಿ ಕಳೆದುಕೊಳ್ಳುವ ವರ್ಷಗಳನ್ನು ಉಳಿಸುವ ಕೆಲಸ ಈಗ ಉಳಿದವರಾದ ನಮ್ಮದು.